ಒಂದೇ ಪುಸ್ತಕ, ಮೂರು ಶನಿವಾರ: ಪುಟ್ಟ ಮಕ್ಕಳ ಕಥೆ ಸಮಯ ನಡೆಸುವ ಬಗೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಊರಿನ ಗ್ರಂಥಾಲಯದ, ಮೇಲ್ವಿಚಾರಕಿ. ಏಪ್ರಿಲ್‌ನಿಂದ ಪ್ರತಿ ಶನಿವಾರ 3ರಿಂದ 6 ವರ್ಷದ ಮಕ್ಕಳಿಗೆ ಕಥೆ ಹೇಳಲು ಶುರು ಮಾಡಿದ್ದೇನೆ. ಹನ್ನೆರಡು–ಹದಿನೈದು ಮಕ್ಕಳು ಬರುತ್ತಾರೆ. ಹತ್ತು ನಿಮಿಷ ಕೂರುತ್ತಾರೆ, ಆಮೇಲೆ ಒಬ್ಬ ಬಾಗಿಲಿಗೆ, ಇನ್ನೊಬ್ಬ ಕಪಾಟಿಗೆ. ವಾರಕ್ಕೊಂದು ಹೊಸ ಕಥೆ ಹುಡುಕಿ ಸಾಕಾಗಿದೆ. ಅಮ್ಮಂದಿರು ಬೇರೆ "ಕಥೆ ಮನೇಲೂ ಹೇಳ್ತೀವಿ, ನೀವು ಅ ಆ ಇ ಈ ತಿದ್ಸಿ" ಅಂತಾರೆ. ಮಳೆಗಾಲದಲ್ಲಿ ಮುಂದುವರಿಸಬೇಕೋ ನಿಲ್ಲಿಸಬೇಕೋ ಅದೂ ತಿಳಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಹೊರೆ ಇಳಿಸುವ ಮಾತು. ವಾರಕ್ಕೊಂದು ಹೊಸ ಕಥೆ ಬೇಡವೇ ಬೇಡ. ಒಂದು ಪುಸ್ತಕವನ್ನು ಮೂರು ಶನಿವಾರ ಓದಿ. ದೊಡ್ಡವರಿಗೆ ಬೇಸರವಾಗಬಹುದು, ನಾಲ್ಕು ವರ್ಷದ ಮಗುವಿಗೆ ಆಗುವುದಿಲ್ಲ. ಮೊದಲ ಸಲ ಅದು ಕಥೆ ಏನೆಂದು ಹಿಡಿಯುತ್ತದೆ, ಎರಡನೇ ಸಲ ಮಾತುಗಳನ್ನು ಹಿಡಿಯುತ್ತದೆ, ಮೂರನೇ ಸಲ ತಾನೇ ಹೇಳುತ್ತದೆ. ಓದಿಗೆ ಬುನಾದಿ ಬೀಳುವುದು ಆ ಎರಡನೇ, ಮೂರನೇ ಸಲದಲ್ಲಿ. ವಾರವಾರವೂ ಪುಸ್ತಕ ಬದಲಿಸಿದರೆ ಮಗು ಎಂದಿಗೂ ಮೊದಲ ಮೆಟ್ಟಿಲಲ್ಲೇ ಉಳಿಯುತ್ತದೆ.

ಮಕ್ಕಳು ಚದುರುವುದಕ್ಕೆ ಮಕ್ಕಳ ಚಂಚಲತೆ ಕಾರಣವಲ್ಲ. ಸಾಮಾನ್ಯವಾಗಿ ಮೂರು ಕಾರಣಗಳಲ್ಲಿ ಒಂದು ಇರುತ್ತದೆ: ಚಿತ್ರ ಹಿಂದಿನ ಸಾಲಿಗೆ ಕಾಣುತ್ತಿಲ್ಲ, ಕಥೆ ಉದ್ದವಾಗಿದೆ, ಇಲ್ಲವೇ ಮಕ್ಕಳಿಗೆ ಕೇಳುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಮೂರನೆಯದೇ ಹೆಚ್ಚು.

ಕೂರಿಸುವ ವಿಧಾನದಿಂದ ಶುರು ಮಾಡಿ. ಮಕ್ಕಳ ಬೆನ್ನು ಬಾಗಿಲ ಕಡೆಗಿರಲಿ. ಬಂದುಹೋಗುವವರು ಕಣ್ಣಿಗೆ ಬೀಳಬಾರದು. ನೀವು ಗೋಡೆಗೆ ಬೆನ್ನು ಕೊಟ್ಟು ಕೂರಿ. ಕಿಟಕಿಗೆ ಬೆನ್ನು ಕೊಟ್ಟರೆ ಹಿಂದಿನ ಬೆಳಕಿನಿಂದ ಪುಸ್ತಕದ ಪುಟ ಕಪ್ಪಾಗಿ ಕಾಣುತ್ತದೆ. ಕಿಟಕಿ ನಿಮ್ಮ ಪಕ್ಕಕ್ಕಿದ್ದರೆ ಕರೆಂಟು ಹೋದಾಗಲೂ ಕಥೆ ನಿಲ್ಲುವುದಿಲ್ಲ. ಲಾಳಾಕಾರದಲ್ಲಿ ಎರಡೇ ಸಾಲು, ಹಿಂದಿನ ಸಾಲು ನಿಮ್ಮಿಂದ ಆರು ಅಡಿಗಿಂತ ದೂರ ಬೇಡ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಳ್ಳದೆ ಎದೆಯ ಪಕ್ಕಕ್ಕೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಮಕ್ಕಳ ಕೈಗೆ ಎಟುಕುವ ಕಪಾಟಿಗೆ ಆ ಅರ್ಧ ಗಂಟೆ ಒಂದು ಪಂಚೆ ಇಳಿಬಿಡಿ. ಕಾಣದಿದ್ದರೆ ಓಡುವುದಿಲ್ಲ. ಹದಿನೈದು ದಾಟಿದರೆ 3–4 ವರ್ಷದವರನ್ನೂ 5–6 ವರ್ಷದವರನ್ನೂ ಬೇರೆ ಮಾಡಿ. ಈ ಎರಡು ಗುಂಪಿಗೆ ಒಂದೇ ಕಥೆ ಹಿಡಿಸುವುದು ಕಷ್ಟ.

ಪುಸ್ತಕದ ಆಯ್ಕೆ ಹೀಗೆ: ಹತ್ತರಿಂದ ಹದಿನಾರು ಪುಟ, ಪುಟಕ್ಕೆ ಒಂದೆರಡು ವಾಕ್ಯ, ಆರು ಅಡಿ ದೂರದಿಂದ ಗುರುತಾಗುವ ಚಿತ್ರ, ಮತ್ತೆ ಮತ್ತೆ ಬರುವ ಒಂದು ಸಾಲು. ಆ ಮರುಕಳಿಸುವ ಸಾಲೇ ಮಕ್ಕಳಿಗೆ ಕೊಡುವ ಕೆಲಸ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅವುಗಳನ್ನು ಇಳಿಸಿಕೊಂಡು ಮುದ್ರಿಸಲು ಪರವಾನಗಿಯೂ ಇದೆ. ಅಲ್ಲಿನ ಓದಿನ ಹಂತ 1 ಮತ್ತು 2ರಲ್ಲಿ ಹುಡುಕಿ. ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ ಎ3 ಅಳತೆಯಲ್ಲಿ ಬಣ್ಣದಲ್ಲೇ ಮುದ್ರಿಸಿಕೊಂಡು ಬನ್ನಿ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ನವಕರ್ನಾಟಕದ ಮಕ್ಕಳ ಪುಸ್ತಕಗಳಲ್ಲೂ ಈ ವಯಸ್ಸಿಗೆ ಆಗುವಂಥವು ಸಿಗುತ್ತವೆ. ಕೊನೆಗೆ "ನೀತಿ" ಎಂದು ಬರೆದಿರುವ, ಪುಟ ತುಂಬ ಅಕ್ಷರವಿರುವ ಕಥಾಸಂಕಲನಗಳನ್ನು ದೊಡ್ಡ ಮಕ್ಕಳಿಗೆ ಬಿಡಿ.

ಏನೂ ಸಿಗದಿದ್ದರೆ ನೀವೇ ಮಾಡಿ. ಹತ್ತು ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಬೆನ್ನಿಗೆ ದಪ್ಪ ದಾರದ ಹೊಲಿಗೆ. ಒಂದು ಮಾದರಿ: ಜಗಲಿಯ ಮೇಲೆ ಒಂದು ಕೊಡೆ ಇದೆ. ಪುಟಕ್ಕೊಂದು ಪ್ರಾಣಿ ಬರುತ್ತದೆ. ಪ್ರತಿ ಪುಟದಲ್ಲೂ "ಯಾರ ಕೊಡೆ ಇದು, ಯಾರ ಕೊಡೆ?" ಎಂಬ ಸಾಲು. ಕೋಳಿ ಹೇಳುತ್ತದೆ, "ನನ್ನದಲ್ಲ, ನನಗೆ ಗರಿ ಇದೆ." ಬಸವನಹುಳು ಹೇಳುತ್ತದೆ, "ನನ್ನದಲ್ಲ, ನನಗೆ ಚಿಪ್ಪಿದೆ." ಕಪ್ಪೆ ಹೇಳುತ್ತದೆ, "ನನ್ನದಲ್ಲ, ನನಗೆ ಮಳೆಯೇ ಬೇಕು." ಕೊನೆಯ ಪುಟದಲ್ಲಿ ಗದ್ದೆಯಿಂದ ಅಜ್ಜ ಬರುತ್ತಾನೆ, ಕೊಡೆ ಮರೆತು ಗೊರಬು (ಮಳೆಗೆ ತಲೆ, ಬೆನ್ನು ಮುಚ್ಚುವ ಎಲೆಯ ಹೊದಿಕೆ) ಹಾಕಿಕೊಂಡು ಹೋಗಿದ್ದವನು. ಮರುಕಳಿಸುವ ಸಾಲನ್ನು ಮಾತ್ರ ಎರಡು ಮೂರು ಸೆಂಟಿಮೀಟರ್ ಎತ್ತರದ ಅಕ್ಷರದಲ್ಲಿ, ಎಲ್ಲ ಪುಟದಲ್ಲೂ ಒಂದೇ ಜಾಗದಲ್ಲಿ, ಒಂದೇ ಬಣ್ಣದಲ್ಲಿ ಬರೆಯಿರಿ.

ಈ ಪುಸ್ತಕದ ಕಪ್ಪೆಯ ಪುಟವನ್ನೇ ಇಟ್ಟುಕೊಂಡು ಮೂರು ಶನಿವಾರ ಏನಾಗಬೇಕು ನೋಡೋಣ.

ಮೊದಲ ಶನಿವಾರ ಪ್ರಶ್ನೆ ಕಡಿಮೆ. ಮುಖಪುಟ ತೋರಿಸಿ, ಹೆಸರು ಓದಿ, ಆರು ನಿಮಿಷದೊಳಗೆ ಕೊನೆಯವರೆಗೆ ಓದಿಬಿಡಿ. ಮಧ್ಯೆ ಹತ್ತು ಪ್ರಶ್ನೆ ಹಾಕಿದರೆ ಕಥೆಯ ದಾರ ತುಂಡಾಗುತ್ತದೆ. ಮೂರನೇ ಪುಟದ ಹೊತ್ತಿಗೆ "ಯಾರ ಕೊಡೆ ಇದು..." ಎಂದು ನಿಲ್ಲಿಸಿ ಮಕ್ಕಳ ಮುಖ ನೋಡಿ. ಒಳಗೇ ಐದರವರೆಗೆ ಎಣಿಸಿ. ಯಾರೋ ಒಬ್ಬರು "ಯಾರ ಕೊಡೆ" ಎನ್ನುತ್ತಾರೆ, ಮುಂದಿನ ಪುಟಕ್ಕೆ ನಾಲ್ಕು ದನಿ ಸೇರುತ್ತದೆ. ಹೆಚ್ಚಿನವರು ತಪ್ಪುವುದು ಈ ಐದು ಎಣಿಕೆಯಲ್ಲಿ. ಮೌನ ತಡೆಯಲಾಗದೆ ತಾವೇ ಹೇಳಿಬಿಡುತ್ತಾರೆ.

ಎರಡನೇ ಶನಿವಾರ ಮೂರೇ ಪುಟದಲ್ಲಿ ನಿಂತು ಮಾತಾಡಿಸಿ. ಮಾತು ಬೆಳೆಸುವ ಕ್ರಮ ಹೀಗಿರಲಿ:

"ಕಪ್ಪೆ ಎಂತ ಮಾಡ್ತಿದೆ?"
"ಹಾರ್ತಿದೆ."
"ಹೌದು, ಹಾರ್ತಿದೆ. ಕೆಸರು ನೀರಿಗೆ ಕುಪ್ಪಳಿಸಿ ಹಾರ್ತಿದೆ. ಎಲ್ರೂ ಹೇಳಿ, ಕುಪ್ಪಳಿಸಿ!"
"ಕುಪ್ಪಳಿಸಿ!"

ಕೇಳುವುದು, ಒಪ್ಪುವುದು, ಮಗುವಿನ ಮಾತಿಗೆ ಒಂದೆರಡು ಪದ ಜೋಡಿಸುವುದು, ಮರಳಿ ಹೇಳಿಸುವುದು. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳ ತಂದೆತಾಯಿಗೆ ಇಂಥದೇ ಓದನ್ನು ಒಂದು ತಿಂಗಳು ಹೇಳಿಕೊಟ್ಟಾಗ, ಸುಮ್ಮನೆ ಓದಿ ಹೇಳಿದ ಮನೆಗಳ ಮಕ್ಕಳಿಗಿಂತ ಇವರ ಮಾತು ಮುಂದಿತ್ತು. ಇದರಲ್ಲಿ ಸಲಕರಣೆಯ ಖರ್ಚಿಲ್ಲ, ನಿಮ್ಮ ತಾಳ್ಮೆಯಷ್ಟೇ ಬೇಕು. ಮಗು ತಪ್ಪು ಹೇಳಿದರೆ "ಅಲ್ಲ" ಎನ್ನಬೇಡಿ. ಬಸವನಹುಳುವನ್ನು ಇಂಬಳ (ಜಿಗಣೆ) ಎಂದರೆ, "ಇಂಬಳದ ಹಾಗೇ ಮೆತ್ತಗಿದೆ, ಆದ್ರೆ ಬೆನ್ನ ಮೇಲೆ ನೋಡು, ಎಂತ ಇದೆ?" ಎನ್ನಿ. ಹೌದು–ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಬೇಡ. "ಈ ಕಥೆಯ ನೀತಿ ಏನು?" ಎಂಬುದಂತೂ ಈ ವಯಸ್ಸಿಗೆ ಕೇಳಲೇಬಾರದ ಪ್ರಶ್ನೆ. ಮಗು ನಿಮ್ಮ ಮುಖ ನೋಡಿ ಉತ್ತರ ಊಹಿಸಲು ಕಲಿಯುತ್ತದೆ, ಕಥೆ ಯೋಚಿಸುವುದನ್ನು ಬಿಡುತ್ತದೆ.

ಮೂರನೇ ಶನಿವಾರ ಅಕ್ಷರಗಳನ್ನು ಅಂಗೈಯಲ್ಲಿ ಮುಚ್ಚಿ, ಚಿತ್ರ ಮಾತ್ರ ತೋರಿಸಿ. ಕಥೆ ಮಕ್ಕಳದು. ಒಂದು ನಿಜವಾದ ಕೊಡೆ ತನ್ನಿ, ಅಡಿಕೆ ಹಾಳೆ ಕತ್ತರಿಸಿ ಕೋಳಿಯದೂ ಕಪ್ಪೆಯದೂ ಮುಖವಾಡ ಮಾಡಿ. "ಮೊದಲು ಯಾರು ಬಂದ್ರು? ಆಮೇಲೆ?" ಎಂದು ಕೇಳುತ್ತಾ ಹೋಗಿ. ಮೊದಲು, ಆಮೇಲೆ, ಕೊನೆಗೆ ಎಂಬ ಜೋಡಣೆ ಬಾಯಲ್ಲಿ ಕೂತ ಮಗುವಿಗೆ ಮೂರನೇ ತರಗತಿಯ ಪಾಠ ಓದಿದಾಗ ಅರ್ಥ ಹಿಡಿಯುವುದು ಸುಲಭವಾಗುತ್ತದೆ.

ಇನ್ನು ಅಮ್ಮಂದಿರ ಮಾತು. ಅವರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮಗು ಓದಲಿ ಎಂಬ ಆಸೆ ಅದು. ಅವರಿಗೆ ಲೆಕ್ಕ ಹಾಕಿ ತೋರಿಸಿ. ವರ್ಣಮಾಲೆಯಲ್ಲಿ 49 ಅಕ್ಷರ. ಆದರೆ ಓದಲು ಅಷ್ಟು ಸಾಲದು. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ 15 ರೂಪ, ಅಂದರೆ 510. ಅದರ ಮೇಲೆ ಒತ್ತಕ್ಷರ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುವುದು ಕಂಡಿದೆ. ಇಷ್ಟು ಉದ್ದದ ದಾರಿಯಲ್ಲಿ ನಾಲ್ಕನೇ ವಯಸ್ಸಿಗೆ ಕೈಹಿಡಿದು ತಿದ್ದಿಸಿ ಆರು ತಿಂಗಳು ಮುಂಚೆ ಹೊರಡಿಸುವುದರಿಂದ ಲಾಭ ಅಲ್ಪ. ಆ ವಯಸ್ಸಿನಲ್ಲಿ ತಯಾರಾಗಬೇಕಾದದ್ದು ಕಿವಿ. 'ಬಳೆ' ಮತ್ತು 'ಬಾಳೆ' ಬೇರೆ ಬೇರೆ ಎಂದು ಕಿವಿಗೆ ಕೇಳದ ಮಗುವಿಗೆ ದೀರ್ಘದ ಗುರುತು ಬರೀ ಗೀಟು. 'ಕತೆ' ಮತ್ತು 'ಕತ್ತೆ'ಯ ವ್ಯತ್ಯಾಸ ಕೇಳದ ಮಗುವಿಗೆ ಒತ್ತಕ್ಷರ ಏಕೆ ಬೇಕೆಂಬುದೇ ತಿಳಿಯುವುದಿಲ್ಲ.

ಆದ್ದರಿಂದ ಪ್ರತಿ ಶನಿವಾರ ಐದು ನಿಮಿಷ ಕಿವಿಯ ಆಟ ಆಡಿಸಿ, ಅಮ್ಮಂದಿರು ನೋಡುತ್ತಿರಲಿ.

ಮೊದಲ ತಿಂಗಳು ಚಪ್ಪಾಳೆ. ಅಜ್ಜಿಗೆ ಎರಡು, ಅಡಿಕೆಗೆ ಮೂರು, ಮಂಗಟ್ಟೆಗೆ ಮೂರು, ಅವಲಕ್ಕಿಗೆ ನಾಲ್ಕು. ಬಾಯಲ್ಲಿ ನಾವು 'ಅಜ್–ಜಿ' ಎಂದು ಒಡೆಯುತ್ತೇವೆ, ಬರಹದಲ್ಲಿ ಅದು 'ಅ–ಜ್ಜಿ'. ಎರಡರಲ್ಲೂ ಎಣಿಕೆ ಒಂದೇ ಆಗುವುದರಿಂದ ಗಾಬರಿ ಬೇಡ, ಮಗು ಹೇಗೆ ಒಡೆದರೂ ಸರಿ. ಬಸ್, ಜೀಪ್ ಮುಂತಾದ ಪದಗಳನ್ನು ಶುರುವಿಗೆ ಬಿಡಿ. ಕೆಲವರು ಬಸ್ ಎನ್ನುತ್ತಾರೆ, ಕೆಲವರು ಬಸ್ಸು, ಎಣಿಕೆಯಲ್ಲಿ ಜಗಳ ಬರುತ್ತದೆ. ಮಕ್ಕಳ ಹೆಸರುಗಳಿಗೆ ಚಪ್ಪಾಳೆ ಹೊಡೆಯುವುದು ಎಲ್ಲಕ್ಕಿಂತ ಚೆನ್ನಾಗಿ ನಡೆಯುತ್ತದೆ.

ಎರಡನೇ ತಿಂಗಳು ಉದ್ದ–ಗಿಡ್ಡದ ಆಟ. ಗಿಡ್ಡ ದನಿಗೆ ಅಂಗೈ ಜೋಡಿಸಿ, ಉದ್ದ ದನಿಗೆ ಎರಡೂ ಕೈ ಅಗಲಿಸಿ. ಬಳೆ–ಬಾಳೆ, ಕರು–ಕಾರು, ಹಳೆ–ಹಾಳೆ. ಒತ್ತು ಬಂದರೆ ಮುಷ್ಟಿಯಿಂದ ತೊಡೆಗೆ ಒಂದು ಗುದ್ದು: ಕತೆ–ಕತ್ತೆ, ಮಗ–ಮಗ್ಗ, ಹಳಿ–ಹಳ್ಳಿ. ಚಿತ್ರದ ಜೋಡಿ ಕಾರ್ಡು ಮಾಡಿಟ್ಟುಕೊಂಡರೆ ನೀವು ಹೇಳಿದ ಪದದ ಚಿತ್ರವನ್ನು ಮಗು ಎತ್ತಬಹುದು. ಬಳೆ ಎಂದಾಗ ಬಾಳೆಹಣ್ಣು ಎತ್ತುವ ಮಗುವಿಗೆ ಇನ್ನಷ್ಟು ಆಟ ಬೇಕು ಎಂದು ನಿಮಗೆ ತಿಳಿಯುತ್ತದೆ.

ಆಮೇಲೆ ನಮ್ಮ ಭಾಷೆ ನಮಗೆ ಪುಕ್ಕಟೆ ಕೊಟ್ಟಿರುವ ಗಿ ಆಟ. ಪುಸ್ತಕ ಗಿಸ್ತಕ, ಕಾಫಿ ಗೀಫಿ, ಮಳೆ ಗಿಳೆ, ಬಾಳೆ ಗೀಳೆ. ಮೊದಲ ದನಿ ತೆಗೆದು ಬೇರೆ ದನಿ ಕೂರಿಸುವ ಈ ಕೆಲಸ ಓದುವ ಮಗುವಿಗೆ ಬೇಕಾದ ಸೂಕ್ಷ್ಮಗಳಲ್ಲಿ ಒಂದು. ಮಜಾ ನೋಡಿ: ಬಳೆಗೆ 'ಗಿಳೆ', ಬಾಳೆಗೆ 'ಗೀಳೆ' ಎಂದು ಉದ್ದವನ್ನು ಮಗು ತಾನಾಗಿಯೇ ಉಳಿಸಿಕೊಳ್ಳುತ್ತದೆ. ಗಿಡ, ಗಿಳಿ ಬೇಡ, ಗಿ ಅಕ್ಷರದಿಂದಲೇ ಶುರುವಾಗುವ ಪದಕ್ಕೆ ಆಟ ಅಲ್ಲೇ ನಿಂತುಹೋಗುತ್ತದೆ. ಐದೂವರೆ ದಾಟಿದವರು ಇದರಲ್ಲಿ ಮಿಂಚುತ್ತಾರೆ. ಮೂರು ವರ್ಷದವರು ನಗುತ್ತಾ ಕೂತಿದ್ದರೂ ಸಾಕು.

ಹಾಡು ಬೇಕಾದಾಗ ಊರಿನ ಅಜ್ಜಿಯರನ್ನು ಕೇಳಿ. ನೀವೇ ಕಟ್ಟಿದರೂ ಆದೀತು, ಕೈಗೆ ಕೆಲಸ ಇರಲಿ, ಅಷ್ಟೆ:

ಕೊಡೆ ಬಿಚ್ಚು, ಕೊಡೆ ಬಿಚ್ಚು, ಟಪ್ ಟಪ್ ಟಪ್!
ಕೊಡೆ ಮಡಚು, ಕೊಡೆ ಮಡಚು, ಗಪ್ ಚುಪ್ ಗಪ್!

ಎರಡನೇ ಸಾಲಿಗೆ ಕೈ ಮಡಚಿ ತುಟಿಗೆ ಬೆರಳು. ಗದ್ದಲದಿಂದ ಕಥೆಗೆ ದಾಟಿಸಲು ಇದಿದ್ದರೆ ಗದರಿಕೆ ಬೇಕಾಗುವುದಿಲ್ಲ.

ಅಕ್ಷರವನ್ನೂ ದೂರ ಇಡಬೇಕಿಲ್ಲ. ಎ4 ಹಾಳೆಯ ಅರ್ಧದಷ್ಟು ರಟ್ಟಿನಲ್ಲಿ ಪ್ರತಿ ಮಗುವಿನ ಹೆಸರು ಬರೆದು ಬಾಗಿಲ ಬಳಿ ಹರಡಿಡಿ. ತನ್ನ ಹೆಸರು ಹುಡುಕಿ ದಾರಕ್ಕೆ ಸಿಕ್ಕಿಸುವುದೇ ಹಾಜರಿ. ಮೊದಲ ವಾರಗಳಲ್ಲಿ ಪಕ್ಕದಲ್ಲಿ ಒಂದು ಚಿತ್ರ ಅಂಟಿಸಿ, ಎರಡು ತಿಂಗಳಿಗೆ ಚಿತ್ರ ತೆಗೆಯಿರಿ. ಓದುವಾಗ ಮರುಕಳಿಸುವ ಸಾಲಿನ ಕೆಳಗೆ ಮಾತ್ರ ಬೆರಳು ಎಡದಿಂದ ಬಲಕ್ಕೆ ಓಡಲಿ. ಎಲ್ಲ ಸಾಲಿಗೂ ಬೆರಳಿಟ್ಟರೆ ಕಣ್ಣು ಚಿತ್ರ ಬಿಡುತ್ತದೆ. ಕೊನೆಯಲ್ಲಿ ಚಿತ್ರ ಬಿಡಿಸಲು ಕೊಡಿ, ಮಗು ಅದರ ಬಗ್ಗೆ ಹೇಳಿದ್ದನ್ನು ಅದರ ಮಾತಿನಲ್ಲೇ ಕೆಳಗೆ ಬರೆದುಕೊಡಿ. "ಕಪ್ಪೆ ಮಳೇಲಿ ನೆನೀತು" ಎಂದರೆ ಹಾಗೇ ಬರೆಯಿರಿ, ಗ್ರಾಂಥಿಕ ಮಾಡಬೇಡಿ. ತಾನು ಆಡಿದ್ದು ಹಾಳೆಯ ಮೇಲೆ ಕೂತಿತು, ಅದನ್ನು ಓದಿದರೆ ಅದೇ ಮಾತು ಮತ್ತೆ ಬರುತ್ತದೆ ಎಂದು ಮಗು ಅರಿಯುವ ಗಳಿಗೆ ಅದು.

ಇದೇ ಕಾರಣಕ್ಕೆ ಪುಸ್ತಕ ಓದುವಾಗ ಬರೆದದ್ದನ್ನು ಬರೆದ ಹಾಗೆಯೇ ಓದಿ, ವಾರಕ್ಕೊಂದು ರೀತಿ ಬದಲಿಸಬೇಡಿ. ವಿವರಣೆ ಮಾತ್ರ ಮನೆಮಾತಿನಲ್ಲಿರಲಿ. ಹವ್ಯಕ ಕನ್ನಡ, ಕೊಂಕಣಿ, ಲಂಬಾಣಿ, ಉರ್ದು, ಯಾವ ಮಾತಿನಲ್ಲಿ ಮಗು ಉತ್ತರ ಕೊಟ್ಟರೂ ಮೊದಲು ಅದನ್ನು ಒಪ್ಪಿ, ನಂತರ ಕನ್ನಡದ ಪದ ಪಕ್ಕದಲ್ಲಿಡಿ. ಕಪ್ಪೆಗೆ ಮನೆಯಲ್ಲಿ ಏನಂತಾರೆ ಎಂದು ಕೇಳಿ ಎಲ್ಲರೂ ಆ ಪದ ಹೇಳಿದರೆ, ಮೂಲೆಯಲ್ಲಿ ಕೂತಿದ್ದ ಮಗು ಮುಂದೆ ಬರುತ್ತದೆ.

ಒಟ್ಟು ಅರ್ಧ ಗಂಟೆ ಸಾಕು: ಹೆಸರಿನ ರಟ್ಟಿಗೆ 3 ನಿಮಿಷ, ಹಾಡಿಗೆ 3, ಮುಖ್ಯ ಪುಸ್ತಕಕ್ಕೆ 6, ಕಿವಿಯ ಆಟಕ್ಕೆ 5, ಮಕ್ಕಳಿಗೆ ಆಗಲೇ ಗೊತ್ತಿರುವ ಹಳೆ ಪುಸ್ತಕಕ್ಕೆ 5, ಚಿತ್ರಕ್ಕೆ 6, ಅಮ್ಮಂದಿರಿಗೆ 2. ಕಥೆ ನಡುವೆ ಯಾರಾದರೂ ಎದ್ದು ಹೋದರೆ ಕರೆಯಬೇಡಿ, ಓದುತ್ತಲೇ ಇರಿ. ಹತ್ತರಲ್ಲಿ ಮೂವರು ಎದ್ದರೆ ಪುಟ ಹಾರಿಸಿ ಕಥೆ ಮುಗಿಸಿ ಹಾಡಿಗೆ ಹೋಗಿ.

ಆ ಕೊನೆಯ ಎರಡು ನಿಮಿಷ ಅಮೂಲ್ಯ. ಅಮೆರಿಕದ ಗ್ರಂಥಾಲಯ ಸಂಘ ಪುಟ್ಟ ಮಕ್ಕಳ ಓದಿಗೆಂದು 2004ರಲ್ಲಿ ತಂದ ಕಾರ್ಯಕ್ರಮವನ್ನು ಕಟ್ಟಿದ್ದೇ ಮನೆಯವರನ್ನು ಮುಂದಿಟ್ಟುಕೊಂಡು. 2011ರ ಪರಿಷ್ಕರಣೆಯಲ್ಲಿ ಅದನ್ನು ಮಗುವಿನ ಜೊತೆ ಮನೆಯಲ್ಲೇ ಮಾಡುವ ಐದು ಕೆಲಸಕ್ಕೆ ಇಳಿಸಿದರು: ಮಾತಾಡುವುದು, ಹಾಡುವುದು, ಓದುವುದು, ಬರೆಯುವುದು, ಆಡುವುದು. ನೀವು ವಾರಕ್ಕೆ ಅರ್ಧ ಗಂಟೆ ಸಿಗುತ್ತೀರಿ, ಮನೆಯವರು ದಿನವೂ ಸಿಗುತ್ತಾರೆ. ಹಾಗಾಗಿ ಭಾಷಣ ಮಾಡದೆ ಒಂದೇ ಕೆಲಸ ಹೇಳಿ: "ಈ ವಾರ ಅಡಿಗೆ ಮನೇಲಿ ಸಿಗೋ ಸಾಮಾನಿಗೆಲ್ಲ ಚಪ್ಪಾಳೆ ಹೊಡೀರಿ." ಪುಸ್ತಕವನ್ನೂ ಕೊಟ್ಟು ಕಳಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದ ಉಚಿತ ಸದಸ್ಯತ್ವ 6ರಿಂದ 18 ವರ್ಷದವರಿಗೆ. ಚಿಕ್ಕವರಿಗೆ ಅಕ್ಕ ಅಣ್ಣಂದಿರ ಇಲ್ಲವೇ ಅಮ್ಮನ ಹೆಸರಿನಲ್ಲಿ ಕೊಡಿ. ಓದು ಬಾರದ ಅಜ್ಜಿಗೆ "ಚಿತ್ರ ನೋಡಿ ನಿಮ್ಮದೇ ಕಥೆ ಹೇಳಿ, ಮೊಮ್ಮಗಳ ಬಾಯಲ್ಲೂ ಹೇಳಿಸಿ" ಎನ್ನಿ. ಅದರ ಫಲ ಓದಿ ಹೇಳಿದ್ದಕ್ಕಿಂತ ಕಡಿಮೆಯೇನಲ್ಲ. ಪುಸ್ತಕ ಹರಿದು ಬಂದರೆ ದಂಡ ಬೇಡ. ದಂಡ ಹಾಕಿದ ಮನೆಗೆ ಪುಸ್ತಕ ಮತ್ತೆ ಹೋಗುವುದಿಲ್ಲ.

ಶಾಲೆ ಬಿಟ್ಟು ಬರುವ ಎಂಟು–ಹತ್ತು ವರ್ಷದವರನ್ನು ಓಡಿಸಬೇಡಿ. ಪುಟ ತಿರುಗಿಸುವುದು, ಮುಖವಾಡ ಹಂಚುವುದು, ಹಳೆ ಪುಸ್ತಕ ಓದಿ ಹೇಳುವುದು ಅವರ ಕೆಲಸವಾಗಲಿ. ಓದು ತಡವರಿಸುವ ಮೂರನೇ ತರಗತಿಯ ಹುಡುಗನಿಗೆ ಚಿಕ್ಕವರ ಪುಸ್ತಕ ಓದಲು ಅವಮಾನವಾಗದ ಜಾಗ ಇದೊಂದೇ.

ಮಳೆಗಾಲದಲ್ಲಿ ನಿಲ್ಲಿಸಬೇಡಿ, ಜಾಗ ಬದಲಿಸಿ. ಒಂಟಿ ಮನೆಗಳಿಂದ ಹಳ್ಳ ದಾಟಿ ಪುಟ್ಟ ಮಕ್ಕಳು ಬರುವುದು ಅಪಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕ ಚೀಲದಲ್ಲಿ ಹಾಕಿಕೊಂಡು ಕಾರ್ಯಕರ್ತೆಯ ಜೊತೆ ಮಾತಾಡಿ ಅಂಗನವಾಡಿಗೆ ನೀವೇ ಹೋಗಿ. ಅಲ್ಲಿ ಮಕ್ಕಳು ಹೇಗೂ ಸೇರಿರುತ್ತಾರೆ. ಹೆಂಚಿನ ಮೇಲೆ ಮಳೆ ಧೋ ಎನ್ನುವಾಗ ನಿಮ್ಮ ದನಿ ಕೇಳಿಸುವುದಿಲ್ಲ, ಕೂಗಿ ಓದಿ ಗಂಟಲು ಕೆಡಿಸಿಕೊಳ್ಳಬೇಡಿ. ಅಂಥ ದಿನ ಮಕ್ಕಳನ್ನು ಹತ್ತಿರ ಎಳೆದುಕೊಂಡು ಐದೈದು ಜನಕ್ಕೆ ಓದಿ, ಉಳಿದವರು ಚಿತ್ರ ಬಿಡಿಸಲಿ. ನೆಲ ಒಸರುತ್ತಿದ್ದರೆ ಟಾರ್ಪಾಲಿನ ಮೇಲೆ ಜಮಖಾನ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಮ್ಮಂದಿರಿಗೆ ಬಿಡುವಿರುವುದಿಲ್ಲ, ಆಗ ಅಜ್ಜ ಅಜ್ಜಿಯರನ್ನೇ ಕರೆಯಿರಿ.

ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಗಾಳಿಯಾಡದ ಕಡೆ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಮಳೆ ಬಿಟ್ಟು ಹೊಳವಾದ ದಿನ ಬಾಗಿಲು ತೆರೆದಿಡಿ. ಒದ್ದೆ ಕೈಯಿಂದ ಬಂದ ಪುಸ್ತಕವನ್ನು ಒಣಬಟ್ಟೆಯಲ್ಲಿ ಒರೆಸಿಯೇ ಒಳಗಿಡಿ. ಬೂಷ್ಟು ಕಂಡರೆ ಬೇರೆ ಪುಸ್ತಕಗಳಿಂದ ದೂರ ಮಾಡಿ, ನೆರಳಿನ ಗಾಳಿಯಲ್ಲಿ ಪುಟ ಬಿಡಿಸಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗಡೆ ಬ್ರಷ್‌ನಿಂದ ಉಜ್ಜಿ. ನೇರ ಬಿಸಿಲಿಗಿಟ್ಟರೆ ಬಣ್ಣ ಹೋಗಿ ಹಾಳೆ ಸುರುಳಿಯಾಗುತ್ತದೆ.

ಫಲ ಕಾಣುತ್ತಿದೆಯೇ ಎಂದು ನೋಡಲು ಪರೀಕ್ಷೆ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ, ತಿಂಗಳಿಗೊಂದು ಸಾಲು. ಪುಸ್ತಕವನ್ನು ಬೇಕೆಂದೇ ತಲೆಕೆಳಗಾಗಿ ಕೊಡಿ, ತಿರುಗಿಸಿಕೊಳ್ಳುತ್ತದೆಯೇ ನೋಡಿ. ಮೇರಿ ಕ್ಲೇ ಎಂಬ ನ್ಯೂಜಿಲೆಂಡಿನ ವಿದ್ವಾಂಸೆ ಮಕ್ಕಳ ಮುದ್ರಣದ ಅರಿವನ್ನು ಅಳೆದದ್ದೂ ಹೀಗೆಯೇ, ಮಗುವಿನ ಕೈಗೆ ಪುಸ್ತಕ ಕೊಟ್ಟು ಅದು ಏನು ಮಾಡುತ್ತದೆಂದು ನೋಡಿ. ಮರುಕಳಿಸುವ ಸಾಲಿಗೆ ದನಿ ಸೇರಿಸಿತೇ, "ಇಲ್ಲಿ ಎಂತ ಬರೆದಿದೆ?" ಎಂದು ತಾನೇ ಕೇಳಿತೇ, ಹಳೆ ಪುಸ್ತಕ ಬೇಕೆಂದು ಹಟ ಮಾಡಿತೇ, ಇವನ್ನು ಬರೆದಿಡಿ.

ಎರಡು ತಿಂಗಳಾದರೂ ಬಾಯೇ ಬಿಡದ ಮಗು ಇದ್ದರೆ ಒತ್ತಾಯಿಸಬೇಡಿ, ಕೊಡೆ ಹಿಡಿಯುವ ಕೆಲಸ ಕೊಡಿ. ಮನೆಯಲ್ಲಿ ಮಾತಾಡುತ್ತದೆಯೇ ಎಂದು ಕೇಳಿ. ಮನೆಯಲ್ಲೂ ಮಾತು ಕಡಿಮೆಯಿದ್ದರೆ, ಬೆನ್ನ ಹಿಂದೆ ಕರೆದಾಗ ತಿರುಗದಿದ್ದರೆ, ಕಿವಿ ಸೋರುತ್ತಿದ್ದರೆ ಅದು ನಾಚಿಕೆಯಲ್ಲದೆ ಇರಬಹುದು. ನಮ್ಮ ಕಡೆಯ ಥಂಡಿಯಲ್ಲಿ ಬಿಡದ ನೆಗಡಿಯಿಂದ ಕಿವಿ ಮಂದವಾಗಿ, ಯಾರ ಗಮನಕ್ಕೂ ಬಾರದೆ ಉಳಿಯುವ ಮಕ್ಕಳಿರುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಆ ವಾರವೇ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆಗೆ ಅಂಗನವಾಡಿಗೇ ವೈದ್ಯರ ತಂಡ ಬರುತ್ತದೆ. ನಿಮ್ಮ ನೋಟ್‌ಬುಕ್ಕಿನ ಆ ಪುಟವನ್ನು ಅವರಿಗೆ ತೋರಿಸಿ.